ಕಿಟಕಿಕಟ್ಟೆಯ ಮೇಲೊಂದು ಕೆಂಪು ಗೆರೆ

ಈಚೆಗೆ ನಮ್ಮ ಪಕ್ಕದ ಮನೆಯ ಹುಡುಗಿಗೆ ಹೆರಿಗೆಯಾಯಿತು. ಮಗುವಿಗೆ ನಂಜು ಇರಬಹುದೆಂದು ಆಸ್ಪತ್ರೆಯವರು ಗಾಜಿನ ಕೋಣೆಯಲ್ಲಿ ಇಟ್ಟುಕೊಂಡರು. ನಾನು ಬೆಳಗಿನ ತಿಂಡಿಯ ಡಬ್ಬಿ ಹಿಡಿದು ಹೋದಾಗ ಹೊರಗಿನ ಕುರ್ಚಿಗಳಲ್ಲಿ ಎಳೆಯ ತಾಯಂದಿರು ಸಾಲಾಗಿ ಕುಳಿತಿದ್ದರು. ಒಬ್ಬರನ್ನೊಬ್ಬರು ಕೇಳುತ್ತಿದ್ದದ್ದು ಒಂದೇ ಮಾತು: ನಿಮ್ಮದು ಎಷ್ಟು ಬಂತು, ನಿನ್ನೆಗಿಂತ ಇಳಿಯಿತಾ. ಮಗುವಿನ ರಕ್ತಪರೀಕ್ಷೆಯ ಮಾತು ಅದು. ಸಿಆರ್‌ಪಿ ಎನ್ನುತ್ತಾರೆ, ಒಳಗೆ ನಂಜು ಎಷ್ಟಿದೆ ಎಂದು ತೋರಿಸುವ ಅಂಕಿ. ಅಂಕಿ ಇಳಿದವಳು ಅದನ್ನು ಮೆಲ್ಲನೆ ಹೇಳುತ್ತಾಳೆ, ಇಳಿಯದವಳಿಗೆ ನೋವಾಗದಿರಲಿ ಎಂದು.

ನಮ್ಮ ಹುಡುಗಿ ನನ್ನ ಕೈ ಹಿಡಿದುಕೊಂಡಳು. "ಅಜ್ಜಿ, ಮಗು ನೋಡಾಕೆ ಚೆನ್ನಾಗೇ ಐತೆ. ರಕ್ತ ಮಾತ್ರ ಸರಿ ಇಲ್ಲ ಅಂತಾರೆ. ಯಾವುದನ್ನ ನಂಬ್ಲಿ?"

ಅದೇ ಪ್ರಶ್ನೆಯನ್ನು ಎಪ್ಪತ್ತರ ದಶಕದಲ್ಲಿ, ಚಿತ್ರದುರ್ಗದ ಆಸ್ಪತ್ರೆಯ ಒಂದು ಕಿಟಕಿಯ ಮುಂದೆ ಕುಳಿತು ನಾನೂ ಕೇಳಿಕೊಂಡಿದ್ದೆ. ಅವಳಿಗೆ ಅಲ್ಲಿ ಅರ್ಧ ಹೇಳಿದೆ. ನರ್ಸು ಕರೆದರು, ಎದ್ದು ಹೋದಳು. ಉಳಿದರ್ಧ ಅವಳಿಗೂ, ಅವಳ ಹಾಗೆ ಕುಳಿತಿರುವವರಿಗೂ ಇರಲಿ ಎಂದು ಮೊದಲಿನಿಂದ ಬರೆಯುತ್ತಿದ್ದೇನೆ.

ನಾನು ಶಾಲೆಯಲ್ಲಿ ಮೇಡಂ ಆಗಿ ನಿವೃತ್ತಳಾದವಳು. ಶಿಕ್ಷಕರ ತರಬೇತಿಯ ಕಾಲದಲ್ಲಿ ಹಾಸ್ಟೆಲಿನಲ್ಲಿದ್ದೆ. ಏಳಲು ಗಂಟೆ, ಮೀಯಲು ಗಂಟೆ, ಉಣ್ಣಲು ಗಂಟೆ, ದೀಪ ಆರಿಸಲು ಗಂಟೆ. ಆ ಗಂಟೆ ಮೈಯೊಳಗೆ ಇಳಿದುಬಿಟ್ಟಿತು, ಇವತ್ತಿಗೂ ಹೊಡೆಯುತ್ತದೆ. ಅಪ್ಪ ಹಿರಿಯೂರಿನ ಅಂಚೆ ಕಚೇರಿಯಲ್ಲಿದ್ದವರು. ಟಪಾಲು ಕಟ್ಟುವ ಹೊತ್ತಿಗೆ ಕಟ್ಟಬೇಕು, ಬಿಚ್ಚುವ ಹೊತ್ತಿಗೆ ಬಿಚ್ಚಬೇಕು. ಇಂಥ ಮನೆಯಲ್ಲಿ ಬೆಳೆದ ನಾನು ಹೆರಿಗೆ ಬಾಣಂತನಗಳೂ ಕ್ರಮವಾಗಿಯೇ ಆಗುತ್ತವೆ ಎಂದು ನಂಬಿದ್ದೆ. ಹೆರಿಗೆ ಹಾಗೆಯೇ ಆಯಿತು. ಹಿರಿಯೂರಿನಲ್ಲೇ ಆಯಿತು. ಹೆಣ್ಣುಮಗು. ಕಣ್ಣು ಬಿಟ್ಟು ನನ್ನನ್ನು ನೋಡಿದ್ದು ಇನ್ನೂ ನೆನಪಿದೆ.

ಮನೆಗೆ ಬಂದ ಮೇಲೆ ಬಾಣಂತಿ ಕೋಣೆ. ಕಿಟಕಿಗೆ ಕಂಬಳಿ, ಮಂಚದ ಕೆಳಗೆ ಕೆಂಡದ ಅಗ್ಗಿಷ್ಟಿಕೆ, ಸಂಜೆಗೆ ಸಾಂಬ್ರಾಣಿ ಹೊಗೆ. ಆ ವಾಸನೆ ಈಗ ಎಲ್ಲಾದರೂ ಮೂಗಿಗೆ ಬಿದ್ದರೆ ಅವ್ವನ ಸೆರಗು ಪಕ್ಕದಲ್ಲಿ ಸುಳಿದ ಹಾಗಾಗುತ್ತದೆ. ಮಗು ಮೊದಲೆರಡು ದಿನ ಚೆನ್ನಾಗಿ ಅತ್ತಿತು, ಕುಡಿಯಿತು. ಆಮೇಲೆ ಅಳು ಕಡಿಮೆಯಾಯಿತು. ಎಲ್ಲರಿಗೂ ಸಂತೋಷ. ಎದುರು ಮನೆಯ ಆಕೆ ಬಂದು ತೊಡೆಯ ಮೇಲೆ ಮಲಗಿಸಿಕೊಂಡು, "ಟೀಚರಮ್ಮನ ಮಗಳಲ್ವಾ, ಹುಟ್ಟುತ್ಲೇ ಶಿಸ್ತು ಕಲ್ತ್ಕಂಡು ಬಂದೈತೆ" ಎಂದು ನಗಿಸಿ ಹೋದರು. ಇಂಥ ಸಾಧು ಕೂಸನ್ನು ತಾವು ನೋಡೇ ಇಲ್ಲ ಎಂದು ಬಂದವರೆಲ್ಲ ಹೇಳಿದರು.

ಒಂದು ಬೆಳಿಗ್ಗೆ ಎರೆಯುವ ಅಜ್ಜಿ ಕಾಲು ನೀಡಿ ಕುಳಿತು ಮಗುವಿಗೆ ಎಣ್ಣೆ ಹಚ್ಚಿ ಬಿಸಿನೀರು ಹಾಕಿದರು. ಮಗು ಮಿಸುಕಲಿಲ್ಲ. ಬಿಸಿನೀರು ಬಿದ್ದರೂ ಅಳದ ಮಗು ಎಂದು ಅವ್ವ ದೃಷ್ಟಿ ತೆಗೆದರು. ನನಗೆ ಮಾತ್ರ ಆ ಮೌನ ಹಿಡಿಸಲಿಲ್ಲ. ತರಗತಿಯಲ್ಲಿ ಗಲಾಟೆ ಮಾಡುವ ಮಗುವಿನ ಬಗ್ಗೆ ನಮಗೆ ಯಾವತ್ತೂ ಚಿಂತೆ ಇರುವುದಿಲ್ಲ. ಎಂದೂ ಸುಮ್ಮನಿರದ ಮಗು ಮೂಲೆಯಲ್ಲಿ ಸುಮ್ಮನೆ ಕುಳಿತರೆ ಎದ್ದು ಹೋಗಿ ಹಣೆ ಮುಟ್ಟಿ ನೋಡುತ್ತೇವೆ. ಮಗುವನ್ನು ಎದೆಗೆ ಹಿಡಿದೆ. ಬಾಯಿ ತೆರೆಯಲಿಲ್ಲ. ಹಾಲು ಕೆನ್ನೆಯ ಮೇಲೆ ಹರಿದುಹೋಯಿತು. ಅಂಗಾಲು ಮುಟ್ಟಿದೆ, ತಣ್ಣಗಿತ್ತು. ಅವ್ವನಿಗೆ ಹೇಳಿದರೆ ಅಗ್ಗಿಷ್ಟಿಕೆಗೆ ಇನ್ನಷ್ಟು ಇದ್ದಿಲು ಹಾಕಿದರು. ಆ ಕೋಣೆಯೇ ಹಾಗೆ. ಅಷ್ಟು ಸೆಕೆಯಲ್ಲಿ ಯಾರ ಮೈ ತಣ್ಣಗಿದೆ, ಯಾರ ಮೈ ಬೆಚ್ಚಗಿದೆ ಎಂದು ಯಾರಿಗೂ ಗೊತ್ತಾಗುವಂತಿರಲಿಲ್ಲ.

ನಾನು ಎದ್ದು ಮಗುವನ್ನು ಎತ್ತಿಕೊಂಡು ಹೊಸಿಲು ದಾಟಿ ನಡುಮನೆಗೆ ಬಂದೆ. ಬಾಣಂತಿ ಹೊರಗೆ ಬರುವ ದಿನವಲ್ಲ ಅದು. ಅವ್ವ ಬೇಡ ಬೇಡ ಎನ್ನುತ್ತ ಹಿಂದೆಯೇ ಬಂದರು. ಅಪ್ಪ ಪೇಪರು ಓದುತ್ತಿದ್ದರು. ಮಗುವನ್ನು ಅವರ ತೊಡೆಯ ಮೇಲೆ ಇಟ್ಟೆ. ಅವರು ಅದರ ಕಾಲು ಮುಟ್ಟಿದರು, ಹೊಟ್ಟೆ ಮುಟ್ಟಿದರು, ಕನ್ನಡಕ ತೆಗೆದು ಮುಖ ನೋಡಿದರು. ಅಂಗಿ ಹಾಕಿಕೊಂಡು ಹೊರಗೆ ಹೋಗಿ ಬಾಡಿಗೆ ಕಾರು ತಂದರು. ಅವ್ವ ಅಳುತ್ತಲೇ ಬಟ್ಟೆಗಂಟಿನೊಳಗೆ ಅಡಿಕೆ ಕತ್ತರಿ ಇಟ್ಟರು, ದಾರಿಯಲ್ಲಿ ಕಬ್ಬಿಣ ಜೊತೆಗಿರಲಿ ಎಂದು. ಬೇವಿನ ಎಸಳನ್ನೂ ಸಿಕ್ಕಿಸಿ, ಇನ್ನು ಹೋಗ್ರಿ ಎಂದರು.

ಹಿರಿಯೂರಿನಿಂದ ದುರ್ಗಕ್ಕೆ ಹೆದ್ದಾರಿ. ದಾರಿಯುದ್ದಕ್ಕೂ ಲಾರಿಗಳು. ಅಪ್ಪ ಮುಂದಿನ ಸೀಟಿನಲ್ಲಿ ಕುಳಿತಿದ್ದರು, ಒಮ್ಮೆಯೂ ಹಿಂದೆ ತಿರುಗಲಿಲ್ಲ. ಆಗಾಗ ರಸ್ತೆಯನ್ನೇ ನೋಡುತ್ತ ಕೇಳುತ್ತಿದ್ದರು: "ಉಸಿರು ಐತೇನವ್ವ?"

"ಐತಪ್ಪ" ಎನ್ನುತ್ತಿದ್ದೆ. ದಾರಿಯಲ್ಲಿ ನಾವು ಆಡಿದ್ದು ಆ ಎರಡು ಮಾತು ಮಾತ್ರ.

ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿದ್ದದ್ದು ಒಬ್ಬ ಡಾಕ್ಟರಮ್ಮ. ಮೈಸೂರಿನ ಕಡೆಯವರು, ಗಿಡ್ಡ ಆಳು, ಮಾತು ಕಡಿಮೆ. ಮಗುವನ್ನು ಬಿಚ್ಚಿ ನೋಡಿದರು, ಹೊಕ್ಕುಳ ನೋಡಿದರು, ಕಾಲು ಹಿಡಿದು ಮೆಲ್ಲನೆ ಅಲ್ಲಾಡಿಸಿದರು. ಆಮೇಲೆ ಹಿಮ್ಮಡಿಯನ್ನು ಸ್ಪಿರಿಟ್ಟಿನಿಂದ ಒರೆಸಿ ಚುಚ್ಚಿದರು. ಮಗು ಅಳಲಿಲ್ಲ, ಕಾಲನ್ನು ತುಸು ಎಳೆದುಕೊಂಡಿತು ಅಷ್ಟೆ. ಒಂದು ಹನಿ ರಕ್ತವನ್ನು ಗಾಜಿನ ಪಟ್ಟಿಯ ಮೇಲೆ ಸವರಿ ಲ್ಯಾಬಿಗೆ ಕಳಿಸಿದರು. ಮತ್ತೆ ಬಂದ ಹನಿಗಳನ್ನು ಹಂಚಿಕಡ್ಡಿಗಿಂತ ತೆಳ್ಳಗಿನ ಒಂದು ಗಾಜಿನ ನಳಿಕೆಗೆ ಹತ್ತಿಸಿದರು. ಅದನ್ನು ಒಂದು ಮೇಣದ ಮುದ್ದೆಗೆ ನೆಟ್ಟು ಕಿಟಕಿಕಟ್ಟೆಯ ಮೇಲೆ ನೇರ ನಿಲ್ಲಿಸಿದರು.

"ಒಂದು ಗಂಟೆ ಇದನ್ನ ಯಾರೂ ಮುಟ್ಟಬೇಡಿ. ಕೆಂಪು ಎಷ್ಟು ಕೆಳಗೆ ಇಳಿಯುತ್ತೆ ನೋಡ್ಬೇಕು. ನಂಜು ಇದ್ರೆ ಜಾಸ್ತಿ ಇಳಿಯುತ್ತೆ. ಇಂಜೆಕ್ಷನ್ ಮಾತ್ರ ಈಗಲೇ ಶುರು ಮಾಡ್ತೀನಿ, ಅದಕ್ಕೆ ಕಾಯಲ್ಲ" ಎಂದರು.

ಅಪ್ಪ ಕೈಗಡಿಯಾರ ಬಿಚ್ಚಿ ನಳಿಕೆಯ ಪಕ್ಕದಲ್ಲಿಟ್ಟು ನಿಂತರು. ಕಾವಲು ನಿಂತರು ಎಂದೇ ಹೇಳಬೇಕು. ಗಾಳಿಗೆ ಕಿಟಕಿಯ ಬಾಗಿಲು ಅಲ್ಲಾಡಿದರೆ ಕೈ ಅಡ್ಡ ಹಿಡಿಯುತ್ತಿದ್ದರು. ನಾನು ಮಂಚದ ಮೇಲಿಂದ ನೋಡುತ್ತಿದ್ದೆ. ನಳಿಕೆಯ ತುದಿಯಲ್ಲಿ ಮೊದಲು ಒಂದು ಎಳೆಯಷ್ಟು ಹಳದಿ ನೀರು ಕಾಣಿಸಿತು. ಅದರ ಕೆಳಗೆ ಕೆಂಪು. ಹಳದಿ ಬೆಳೆಯುತ್ತ ಹೋಯಿತು, ಕೆಂಪು ಇಳಿಯುತ್ತ ಹೋಯಿತು. ನನ್ನ ಮಗುವಿನ ರಕ್ತ ಕಣ್ಣೆದುರು ಮುಳುಗುತ್ತಿದೆ ಎನ್ನಿಸಿತು. ಗಂಟೆ ತುಂಬಿದಾಗ ಡಾಕ್ಟರಮ್ಮ ಬಂದು ಬಗ್ಗಿ ನೋಡಿ, ಸಣ್ಣ ಸ್ಕೇಲು ಹಿಡಿದು ಅಳೆದರು. ಇಳಿಯಬೇಕಾದ್ದಕ್ಕಿಂತ ಬಹಳ ಇಳಿದಿತ್ತು. ಅಷ್ಟು ಹೊತ್ತಿಗೆ ಲ್ಯಾಬಿನಿಂದಲೂ ಸುದ್ದಿ ಬಂತು.

ಅಪ್ಪನಿಗೆ ಅವರು ತಿಳಿಸಿ ಹೇಳಿದ ರೀತಿ ನನಗೆ ಮರೆತಿಲ್ಲ. ರಕ್ತದಲ್ಲಿ ಬಿಳಿ ಕಣಗಳೆಂದು ಇರುತ್ತವೆ, ಅವು ಕೋಟೆಯ ದಂಡಿನ ಹಾಗೆ. ಶತ್ರು ಬಂದು ಕಾದಾಟ ಜೋರಾದರೆ ದೊಡ್ಡವರು ಸಾಲದೆ ಮೀಸೆ ಬಾರದ ಹುಡುಗರನ್ನೂ ಕಳಿಸಬೇಕಾಗುತ್ತದೆ. ಈ ಮಗುವಿನ ರಕ್ತದಲ್ಲಿ ಈಗ ಆ ಹುಡುಗರೇ ಜಾಸ್ತಿ ಇದ್ದಾರೆ, ಎಂದರೆ ಒಳಗೆ ನಂಜು ಹೊಕ್ಕಿದೆ ಎಂದರು. ದುರ್ಗದ ಸೀಮೆಯವರಿಗೆ ಇದಕ್ಕಿಂತ ಬೇರೆ ಪಾಠ ಬೇಕಿರಲಿಲ್ಲ. ಅಪ್ಪ ಕಿಟಕಿಯಿಂದಾಚೆ ಬೆಟ್ಟದ ಕೋಟೆಗೋಡೆಯ ಕಡೆ ಒಮ್ಮೆ ನೋಡಿದರು. "ಗೆಲ್ತಾರೇನಮ್ಮ?" ಎಂದು ಕೇಳಿದರು.

"ಸಹಾಯಕ್ಕೆ ಆಳು ಕಳಿಸಿದೀವಲ್ಲ, ನೋಡೋಣ" ಎಂದರು ಡಾಕ್ಟರಮ್ಮ. ಗೆಲ್ಲುತ್ತಾರೆ ಎಂದು ಹೇಳಲಿಲ್ಲ. ಅದನ್ನು ಗಮನಿಸಿದೆ.

ಆ ವಾರ್ಡಿನಲ್ಲಿ ಕಳೆದ ದಿನಗಳನ್ನು ನೆನೆದರೆ, ವಿಚಿತ್ರವೆನ್ನಿಸಬಹುದು, ನನಗೆ ಒಂದು ಬಗೆಯ ಆಸೆಯಾಗುತ್ತದೆ. ಮತ್ತೆ ಅಲ್ಲಿಗೆ ಹೋಗಿ ಕುಳಿತು ಬರಬೇಕು ಎಂಬ ಆಸೆ. ನೀಲಿ ಬಣ್ಣದ ಎತ್ತರದ ಕಿಟಕಿಗಳು. ಮಧ್ಯಾಹ್ನದ ಬಿಸಿಲಿಗೆ ಬೆಟ್ಟದ ಬಂಡೆಗಳು ಬೆಲ್ಲದ ಅಚ್ಚಿನ ಬಣ್ಣಕ್ಕೆ ತಿರುಗುತ್ತಿದ್ದವು. ನರ್ಸುಗಳ ಕೋಣೆಯಲ್ಲಿ ಸಣ್ಣಗೆ ಹಾಡುವ ಟ್ರಾನ್ಸಿಸ್ಟರು. ಸಂಜೆಗೆ ಗೇಟಿನ ಹತ್ತಿರದ ಗಾಡಿಯಿಂದ ಮೆಣಸಿನಕಾಯಿ ಬಜ್ಜಿಯ ವಾಸನೆ ಬಂದು ಡೆಟಾಲಿನ ವಾಸನೆಯೊಳಗೆ ಸೇರಿಕೊಳ್ಳುತ್ತಿತ್ತು. ಬಾಣಂತಿಯರಿಗೆ ಅದು ವರ್ಜ್ಯ. ಆದ್ದರಿಂದಲೇ ಎಲ್ಲರೂ ಮೂಗು ಅರಳಿಸುತ್ತಿದ್ದೆವು.

ಪಕ್ಕದ ಮಂಚದಲ್ಲಿ ಖಾತೂನ್‌ಬಿ ಇದ್ದಳು. ದುರ್ಗದ ಪೇಟೆಯವಳೇ, ನನ್ನ ಓರಗೆಯವಳು. ಗಂಡ ಹತ್ತಿ ಹಿಂಜಿ ಹಾಸಿಗೆ ಹೊಲಿಯುವವನು. ಅವಳ ಗಂಡುಮಗು ದಿನ ತುಂಬುವ ಮೊದಲೇ ಹುಟ್ಟಿತ್ತು, ಅಂಗೈಯಲ್ಲಿ ಹಿಡಿಸುವಷ್ಟಿತ್ತು. ಡಾಕ್ಟರಮ್ಮ ಮಕ್ಕಳನ್ನು ಬೆಚ್ಚಗಿಡಲು ಹತ್ತಿ ಸುತ್ತಿಸುತ್ತಿದ್ದರು. ಅವಳ ಗಂಡ ಹೊಸದಾಗಿ ಹಿಂಜಿದ ಹತ್ತಿಯನ್ನು ಬಿಳಿ ಬಟ್ಟೆಯಲ್ಲಿ ಕಟ್ಟಿ ತಂದುಕೊಟ್ಟ. ಮೋಡದ ಹಾಗಿತ್ತು. ಖಾತೂನ್‌ಬಿ ಗಂಟು ಬಿಚ್ಚಿ ಅರ್ಧ ನನ್ನ ಮಂಚಕ್ಕೆ ಹಾಕಿದಳು. ನಾನು ಬೇಡ, ನಿನ್ನ ಮಗುವಿಗೆ ಬೇಕಾಗುತ್ತದೆ ಎಂದೆ. "ನಮ್ಮನೆಯಾಗೆ ಇದೊಂದೇ ಐತೆ ಟೀಚರ್, ಬೇರೆ ಏನೂ ಇಲ್ಲ. ತಗಳ್ರಿ" ಎಂದು ನಕ್ಕಳು.

ನನ್ನ ಸ್ವಭಾವಕ್ಕೆ ಸುಮ್ಮನೆ ಕುಳಿತು ಹೆದರುವುದು ಆಗುವುದಿಲ್ಲ. ಕೆಲಸ ಮಾಡುತ್ತ ಹೆದರಿದೆ. ಮಗುವಿಗೆ ಹೀರುವ ಶಕ್ತಿ ಇರಲಿಲ್ಲ. ಹಾಲು ಹಿಂಡಿ ಒಳಲೆಯ ಮೂತಿಯಿಂದ ಹನಿಹನಿಯಾಗಿ ಬಾಯಿಗೆ ಬಿಡಬೇಕು. ಕುಡಿಸಿ ಮುಗಿಸುವ ಹೊತ್ತಿಗೆ ಮತ್ತೆ ಹಿಂಡುವ ಹೊತ್ತಾಗುತ್ತಿತ್ತು. ಒಳಲೆಯನ್ನು ಕುದಿಸುವುದು, ಬಟ್ಟೆಗಳನ್ನು ಕುದಿಸುವುದು, ಒಣಗಿಸಿ ಒಂದೇ ಅಳತೆಗೆ ಮಡಿಸುವುದು. ನನ್ನ ನೋಡಿ ಆಚೀಚೆ ಮಂಚದವರೂ ಹಾಗೆಯೇ ಮಾಡತೊಡಗಿದರು. ನಮ್ಮ ಮನೆಯವರು ಹೊಸದುರ್ಗದಲ್ಲಿ ಸೊಸೈಟಿಯ ಕೆಲಸದಲ್ಲಿದ್ದರು. ರಜೆ ಹಾಕಿ ಬಂದವರು ಮಗುವನ್ನು ಮುಟ್ಟಲು ಹೆದರಿ, ಬಟ್ಟೆ ಒಗೆಯುವ ಕಲ್ಲಿಗೆ ಹೋದರು. ಗಂಡಸು ಮಗುವಿನ ಬಟ್ಟೆ ಒಗೆಯುವುದನ್ನು ನೋಡಲು ಜನ ನಿಲ್ಲುತ್ತಿದ್ದರು. ಇವರು ತಲೆ ಎತ್ತದೆ ಒಗೆಯುತ್ತಿದ್ದರು.

ಇಂಜೆಕ್ಷನ್‌ಗಳು ನಡೆದವು. ಅಷ್ಟು ಸಣ್ಣ ತೊಡೆಯಲ್ಲಿ ಚುಚ್ಚಲು ಜಾಗ ಹುಡುಕುವುದನ್ನು ನೋಡಲಾರದೆ ನಾನು ಬೆಟ್ಟದ ಕಡೆ ಮುಖ ತಿರುಗಿಸುತ್ತಿದ್ದೆ. ಮೊದಲ ದಿನಗಳಲ್ಲಿ ಏನೂ ಬದಲಾಗಲಿಲ್ಲ. ಆಮೇಲೆ ಅಂಗಾಲು ಬೆಚ್ಚಗಾಯಿತು. ಒಳಲೆಯ ಮೂತಿಯನ್ನು ಒಮ್ಮೆ ತುಟಿಯಿಂದ ಹಿಡಿದು ಎಳೆಯಿತು. ಕೊನೆಗೆ ಒಂದು ಬೆಳಿಗ್ಗೆ, ಎರಡನೆಯ ಸಲ ರಕ್ತ ತೆಗೆಯಲು ಡಾಕ್ಟರಮ್ಮ ಹಿಮ್ಮಡಿ ಚುಚ್ಚಿದಾಗ, ಮಗು ಬಾಯಿ ಅಗಲಿಸಿ ಕಿರುಚಿತು. ಇಡೀ ವಾರ್ಡು ತಿರುಗಿ ನೋಡಿತು. "ಕೇಳ್ರಿ ಟೀಚರ್, ನಿಮ್ ಮಗಳು ಡಾಕ್ಟ್ರಮ್ಮಂಗೆ ಬೈತಾವ್ಳೆ" ಎಂದಳು ಖಾತೂನ್‌ಬಿ. ನಾನು ಆಸ್ಪತ್ರೆಗೆ ಬಂದ ಮೇಲೆ ಮೊದಲ ಸಲ ಅತ್ತೆ. ಅವಳು ತನ್ನ ಸೆರಗಿನಿಂದ ನನ್ನ ಮುಖ ಒರೆಸಿ, ಹೆರಳು ಬಿಚ್ಚಿ ಬಾಚಿ ಕಟ್ಟಿದಳು.

ನಳಿಕೆ ಮತ್ತೆ ಕಿಟಕಿಕಟ್ಟೆಯ ಮೇಲೆ ನಿಂತಿತು. ಈ ಸಲ ನಾನು ನಿಶ್ಚಿಂತೆಯಿಂದ ನೋಡಿದೆ. ಗಂಟೆ ತುಂಬಿದಾಗ ಡಾಕ್ಟರಮ್ಮ ಬಗ್ಗಿದರು, ಅಳೆದರು, ತಲೆ ಅಲ್ಲಾಡಿಸಿದರು. ಕೆಂಪು ಇನ್ನೂ ಇಳಿಯುತ್ತಿತ್ತು. ಮೊದಲಿನಷ್ಟಿಲ್ಲ, ಆದರೆ ಸಾಕಷ್ಟು ಇಳಿದಿತ್ತು. ಇಂಜೆಕ್ಷನ್ ನಿಲ್ಲಿಸುವಂತಿಲ್ಲ, ಮನೆಗೆ ಹೋಗುವಂತಿಲ್ಲ ಎಂದರು.

ಅದೇ ಮಧ್ಯಾಹ್ನ ಹೊಸದುರ್ಗದ ಹತ್ತಿರದ ಬಾಗೂರಿನಿಂದ ನಮ್ಮ ಅತ್ತೆ ಬಂದರು. ಬಸ್ಸು ಹೊಳಲ್ಕೆರೆಯಲ್ಲಿ ಕೆಟ್ಟು ನಿಂತು, ಇನ್ನೊಂದು ಹಿಡಿದು, ಅಂಟಿನುಂಡೆಯ ಡಬ್ಬಿ ಕಂಕುಳಲ್ಲಿಟ್ಟುಕೊಂಡು ಬಂದಿದ್ದರು. ಮಗುವನ್ನು ಮಡಿಲಲ್ಲಿ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಮೂಗು ನಮ್ಮನೆಯದೇ ಎಂದರು. ಆಮೇಲೆ ಬಂದ ವಿಷಯ ಹೇಳಿದರು. ಸೋಮವಾರ ಹೆಸರಿಡುವುದು. ಅವರ ಮನೆಯ ಪದ್ಧತಿ ಬೇರೆ. ಹೆರಿಗೆ ತವರಲ್ಲಾದರೂ ಚೊಚ್ಚಲ ಮಗುವಿನ ಹೆಸರು ಆ ಮನೆಯ ತೊಟ್ಟಿಲಲ್ಲೇ ಆಗಬೇಕು. ಅದಕ್ಕಾಗಿ ಬಾಣಂತಿಯನ್ನೂ ಮಗುವನ್ನೂ ಕರೆತಂದು, ಮುಗಿದ ಮೇಲೆ ಮತ್ತೆ ತವರಿಗೆ ಬಿಟ್ಟು ಬರುತ್ತಾರೆ. ಊರಿಗೆಲ್ಲ ಹೇಳಿ ಆಗಿತ್ತು. ಮಾಡದಕೆರೆಯ ನೆಂಟರು ಆಗಲೇ ಬಂದು ಇಳಿದಿದ್ದರು.

"ನಾಳಿಕ್ಕೆ ಹೊರಡಾಣ" ಎಂದರು ಅತ್ತೆ.

ರಕ್ತ ಇನ್ನೂ ಸರಿಯಾಗಿಲ್ಲವಂತೆ ಎಂದೆ.

"ರಕ್ತ ಏನ್ ಹೇಳ್ತೈತೋ ನಂಗೊತ್ತಿಲ್ಲ ಕಣೆ. ಮಗು ಹೇಳ್ತೈತಲ್ಲ. ಕುಡೀತೈತೆ, ಒದೀತೈತೆ, ಕೆನ್ನೆ ನೋಡು, ಕೆಂಪಗೈತೆ."

ಅವರು ಹೇಳಿದ್ದೆಲ್ಲ ನಿಜವೇ. ನನಗೂ ಹಾಗೇ ಕಾಣುತ್ತಿತ್ತು. ಮನೆ, ಅವ್ವನ ಸಾರು, ನನ್ನ ಹಾಸಿಗೆ ಕಣ್ಣ ಮುಂದೆ ಬಂದವು. ಡಾಕ್ಟರಮ್ಮ ಬಂದು ನಳಿಕೆ ತೋರಿಸಿದರು. ಅತ್ತೆ ಅದನ್ನು ಬೆಳಕಿಗೆ ಹಿಡಿದು ನೋಡಿ, "ಇಷ್ಟುದ್ದ ಗಾಜಿನ ಕಡ್ಡಿ ನನ್ ಮೊಮ್ಮಗಳನ್ನ ಮನೆಗೆ ಹೋಗ್ಬ್ಯಾಡ ಅಂತೈತಾ?" ಎಂದರು.

ಡಾಕ್ಟರಮ್ಮನಿಗೆ ಸಿಟ್ಟು ಬರಲಿಲ್ಲ. "ಅಮ್ಮ, ಮೇಲೆ ಬೂದಿ ಮುಚ್ಚಿದೆ, ಮುಟ್ಟಿದರೆ ತಣ್ಣಗಿದೆ. ಒಳಗೆ ಕೆಂಡ ಇದೆ ಅಂತ ಈ ಕಡ್ಡಿ ಹೇಳ್ತಾ ಇದೆ. ಈಗ ಔಷಧ ನಿಲ್ಲಿಸಿದರೆ ಮತ್ತೆ ಹೊತ್ತಿಕೊಳ್ಳುತ್ತೆ. ಆಗ ನೀವು ಬಾಗೂರಿಂದ ಇಲ್ಲಿಗೆ ಬರೋವರೆಗೆ ಅದು ಕಾಯಲ್ಲ" ಎಂದು ಹೇಳಿ ಬೇರೆ ಮಗುವಿನ ಹತ್ತಿರ ಹೋದರು.

ಅತ್ತೆ ನನ್ನನ್ನು ವರಾಂಡಕ್ಕೆ ಕರೆದರು. ಅವರನ್ನು ಕಂಡರೆ ನನಗೆ ಅಳುಕಿತ್ತು. ಊರಲ್ಲಿ ಅವರ ಮಾತಿಗೆ ಎದುರು ಮಾತಿರಲಿಲ್ಲ. ಬೈಸಿಕೊಳ್ಳಲು ಸಿದ್ಧಳಾಗಿ ನಿಂತೆ. ಅವರು ಕಂಬಕ್ಕೆ ಒರಗಿ ಕುಳಿತು, ನನ್ನ ಮುಖ ನೋಡದೆ ಮಾತಾಡಿದರು. ಹೆಸರಿಡುವುದನ್ನು ಮುಂದಕ್ಕೆ ಹಾಕಿದೆವು ಎಂದರೆ ಊರಲ್ಲಿ ಒಂದೇ ಅರ್ಥ ಮಾಡಿಕೊಳ್ಳುತ್ತಾರೆ, ಆ ಮಾತು ಯಾರ ಬಾಯಲ್ಲೂ ಬರಬಾರದು ಎಂದರು.

"ನಿನ್ ಗಂಡಗಿಂತ ಮೊದ್ಲು ನಂಗೊಂದಿತ್ತು. ಹೆಣ್ಣು. ಮಾವನೋರು ಊರಾಗಿಲ್ಲ ಅಂತ ಹೆಸರಿಡಾದು ಮುಂದಕ್ಕೆ ಹಾಕಿದ್ರು. ಅಷ್ಟ್ರಾಗೆ ಹೋಯ್ತು. ಈಗ ನೆನಪಾದ್ರೆ ಅದನ್ನ ಏನಂತ ಕರೀಲಿ? ಕೂಸು ಅಂತೀನಿ. ಎಲ್ಲಾರ ಮಕ್ಳೂ ಕೂಸೇ ಅಲ್ವೇನೆ."

ನಮ್ಮ ಮನೆಯವರಿಗೂ ಈ ವಿಷಯ ಗೊತ್ತಿರಲಿಲ್ಲ ಎಂದು ಆಮೇಲೆ ತಿಳಿಯಿತು. ನಾನು ಅವರ ಪಕ್ಕದಲ್ಲಿ ಕುಳಿತೆ. ಸೊಸೆ ಅತ್ತೆಯ ಸಮಕ್ಕೆ ಕೂರುವ ಕಾಲವಲ್ಲ ಅದು, ಆದರೂ ಕುಳಿತೆ. ಒಂದು ಕಡೆ ಡಾಕ್ಟರಮ್ಮನ ನಳಿಕೆ, ಇನ್ನೊಂದು ಕಡೆ ಇವರ ಹೆಸರಿಲ್ಲದ ಕೂಸು. ಎರಡೂ ಹೇಳುತ್ತಿದ್ದದ್ದು ನನ್ನ ಮಗು ಬದುಕಲಿ ಎಂದೇ. ಯಾವುದನ್ನೂ ಸುಳ್ಳು ಮಾಡಲು ನನಗೆ ಮನಸ್ಸಿರಲಿಲ್ಲ.

"ಅತ್ತೇರೆ, ಹೆಸರು ಸೋಮವಾರವೇ ಇಡ್ರಿ. ಮಗು ಇಲ್ಲೇ ಇರ್ಲಿ."

"ತೊಟ್ಟಿಲಿಗೆ ಏನ್ ಹಾಕ್ಲಿ?"

"ಮೊದ್ಲು ಏನ್ ಹಾಕ್ತೀರೋ ಅದನ್ನೇ."

ನಮ್ಮ ಕಡೆ ಹೆಸರಿಡುವ ದಿನ ತೊಟ್ಟಿಲಿಗೆ ಮೊದಲು ಮಗುವನ್ನು ಹಾಕುವುದಿಲ್ಲ. ಒರಳಿನ ಗುಂಡುಕಲ್ಲನ್ನು ತೊಳೆದು, ಅರಿಶಿನ ಕುಂಕುಮ ಹಚ್ಚಿ, ಅದನ್ನು ಮಲಗಿಸಿ ತೂಗುತ್ತಾರೆ. ಮಗು ಗುಂಡುಕಲ್ಲಿನ ಹಾಗೆ ಗಟ್ಟಿಯ ಬಾಳು ಬಾಳಲಿ, ಕಣ್ಣು ಬೀಳುವುದಿದ್ದರೆ ಕಲ್ಲಿನ ಮೇಲೆ ಬೀಳಲಿ ಎಂದು. ಆಮೇಲೆ ಕಲ್ಲು ತೆಗೆದು ಮಗುವನ್ನು ಮಲಗಿಸುತ್ತಾರೆ. ನಾನು ಹೇಳಿದ್ದು ಇಷ್ಟೇ: ಕಲ್ಲು ತೆಗೆಯುವುದನ್ನು ಮಾತ್ರ ಕೆಲವು ದಿನ ತಡಮಾಡಿರಿ.

ಅತ್ತೆ ನನ್ನನ್ನು ತಿರುಗಿ ನೋಡಿದರು. ಮುಖದಲ್ಲಿ ನಗುವೂ ಅಳುವೂ ಒಟ್ಟಿಗೆ ಬಂದವು. "ಟೀಚರಮ್ಮ ಅಂದ್ರೆ ಟೀಚರಮ್ಮನೇ" ಎಂದರು. ಎದ್ದು ಹೊರಟವರು ಮೆಟ್ಟಿಲ ಹತ್ತಿರ ನಿಂತು, "ಹೆಸ್ರು ನೀನೇ ಹೇಳು" ಎಂದರು. ಹೆಸರು ಆರಿಸುವುದು ಆ ಮನೆಯಲ್ಲಿ ಹಿರಿಯರ ಹಕ್ಕು, ಸೊಸೆಯನ್ನು ಯಾರೂ ಕೇಳುತ್ತಿರಲಿಲ್ಲ. ಗಿರಿಜಾ ಎಂದೆ. ಒಂದೆರಡು ಸಲ ಬಾಯಲ್ಲೇ ಹೇಳಿಕೊಂಡು ಬಸ್ಸಿಗೆ ಹೋದರು.

ಸೋಮವಾರ ಬಾಗೂರಿನಲ್ಲಿ ನಡೆದದ್ದನ್ನು ನಮ್ಮ ಮನೆಯವರು ಬಂದು ಹೇಳಿದರು. ಮಾತು ಕಡಿಮೆಯ ಮನುಷ್ಯ ಅಂದು ನಿಲ್ಲಿಸಲೇ ಇಲ್ಲ. ಅತ್ತೆ ಗುಂಡುಕಲ್ಲಿಗೆ ಹೊಸ ಕುಲಾವಿ ತೊಡಿಸಿದ್ದರಂತೆ. ಹೆಂಗಸರು ಜೋಗುಳ ಹಾಡಿ ತೂಗಿದರಂತೆ. ಹೆಸರು ಹೇಳಬೇಕಾದ ನಮ್ಮ ನಾದಿನಿ ತೊಟ್ಟಿಲಿಗೆ ಬಗ್ಗಿ, ಕಲ್ಲಿಗೆ ಕಿವಿ ಯಾವ ಕಡೆ ಎಂದು ತಿಳಿಯದೆ ತಾಯಿಯ ಮುಖ ನೋಡಿದಳಂತೆ. "ಎರಡೂ ಕಡೆ ಹೇಳೇ, ಕೇಳಿಸ್ಕಂತೈತೆ" ಎಂದರಂತೆ ಅತ್ತೆ. ಊಟವಾಯಿತು, ಹೋಳಿಗೆಯಾಯಿತು. ಹೋಗುವಾಗ ಯಾರೋ, ಕಲ್ಲು ಇನ್ನೂ ತೆಗೆದಿಲ್ಲವಲ್ಲ ಎಂದು ಕೇಳಿದರಂತೆ. "ಜಾಗ ಹಿಡ್ದೈತೆ, ಬಸ್ಸಿನಾಗೆ ಟವಲ್ ಹಾಕ್ದಂಗೆ. ನನ್ ಮೊಮ್ಮಗಳು ದುರ್ಗದಾಗೆ ಹತ್ತವ್ಳೆ, ಬರ್ತಾಳೆ" ಎಂದರಂತೆ. ಅಂದಿನಿಂದ ಆ ಮನೆಯಲ್ಲಿ ರುಬ್ಬುವುದು ನಿಂತಿತ್ತು. ದೋಸೆ ಬೇಕೆಂದ ಮಾವನವರಿಗೆ ರೊಟ್ಟಿ ತಿನ್ನಿ ಎಂದಿದ್ದರು.

ಇತ್ತ ವಾರ್ಡಿನಲ್ಲಿ ಅದೇ ಸೋಮವಾರ ನಾನು ಮಗುವಿನ ಕಿವಿಯಲ್ಲಿ ಹೆಸರು ಹೇಳಿದೆ. ಖಾತೂನ್‌ಬಿ ಮನೆಯಿಂದ ಮಂಡಕ್ಕಿ ಸಕ್ಕರೆ ತರಿಸಿ ಎಲ್ಲ ಮಂಚಗಳಿಗೂ ಹಂಚಿದಳು. ನರ್ಸಮ್ಮ ಮಂಚದ ತಲೆಯ ಕಡೆ ತೂಗುಹಾಕಿದ್ದ ಚೀಟಿಯಲ್ಲಿ ನನ್ನ ಹೆಸರಿನ ಮುಂದೆ 'ಮಗು' ಎಂದಿದ್ದದ್ದನ್ನು ಹೊಡೆದುಹಾಕಿ ಗಿರಿಜಾ ಎಂದು ಬರೆದರು.

ಹುಷಾರಾಗುವ ದಿನಗಳು ಹೆದರಿಕೆಯ ದಿನಗಳಿಗಿಂತ ಉದ್ದ. ಇದನ್ನು ಈಗ ಕಾಯುತ್ತಿರುವವರಿಗೆ ಹೇಳಬೇಕು. ಮಗು ಚೆನ್ನಾಗಿ ಕಾಣುತ್ತದೆ, ನಮ್ಮ ಕಾಲು ಮನೆಯ ಕಡೆ ಎಳೆಯುತ್ತದೆ, ಆದರೂ ರಕ್ತ ಹೇಳಬೇಕಾದ ಒಂದು ಮಾತಿಗಾಗಿ ಕಟ್ಟಿಹಾಕಿದ ಹಾಗೆ ಕೂರಬೇಕು. ನಾನು ಬಟ್ಟೆ ಮಡಿಸಿದೆ. ಮಡಿಸಿದ್ದನ್ನು ಬಿಚ್ಚಿ ಮತ್ತೆ ಮಡಿಸಿದೆ.

ಮೂರನೆಯ ಸಲ ರಕ್ತ ತೆಗೆಯುವ ದಿನ ಅತ್ತೆ ಬೆಳಗಿನ ಬಸ್ಸಿಗೇ ಬಂದರು. ಹಿರಿಯೂರಿನಿಂದ ಅಪ್ಪನೂ ಬಂದಿದ್ದರು. ಗಿರಿಜಾಳ ಹಿಮ್ಮಡಿ ಚುಚ್ಚುವಾಗ ಅತ್ತೆ ಹೊರಗೆ ಹೋಗಲಿಲ್ಲ, ಅವಳ ಇನ್ನೊಂದು ಕಾಲನ್ನು ಹಿಡಿದುಕೊಂಡೇ ನಿಂತಿದ್ದರು. ನಳಿಕೆ ಕಿಟಕಿಕಟ್ಟೆಗೆ ಏರಿದ ಕೂಡಲೇ ಅದರ ಎದುರಿಗೆ ನೆಲದ ಮೇಲೆ ಚಕ್ಕಂಬಕ್ಕಲು ಹಾಕಿ ಕುಳಿತರು. ತಲೆಯ ಮೇಲೆ ಸೆರಗು ಎಳೆದುಕೊಂಡರು. ತುಟಿ ಅಲ್ಲಾಡುತ್ತಿತ್ತು. ಏನು ಹೇಳಿಕೊಳ್ಳುತ್ತಿದ್ದರೋ, ನಾನು ಕೇಳಲಿಲ್ಲ. ಬಿಸಿಲು ಕಿಟಕಿಯಿಂದ ಇಳಿದು ನಳಿಕೆಯ ನೆರಳನ್ನು ಗೋಡೆಯ ಮೇಲೆ ಎಳೆದಿತ್ತು. ಕಸ ಗುಡಿಸುವಾಕೆ ಬಂದರೆ ಆಚೆಗೆ ಹೋಗುವಂತೆ ಕೈ ಮಾಡಿದರು.

ಗಂಟೆ ತುಂಬಿತು. ಡಾಕ್ಟರಮ್ಮ ಬಂದು ಬಗ್ಗಿದರು. ಅಳೆದರು. ಇನ್ನೊಮ್ಮೆ ಅಳೆದರು. ತುದಿಯಲ್ಲಿ ಹಳದಿ ಕಂಡೂ ಕಾಣದಷ್ಟಿತ್ತು. ಕೆಂಪು ಹೆಚ್ಚುಕಡಿಮೆ ನಿಂತಲ್ಲೇ ನಿಂತಿತ್ತು. ಲ್ಯಾಬಿನವರೂ ಒಳ್ಳೆಯದೇ ಹೇಳಿ ಕಳಿಸಿದ್ದರು. "ಕರ್ಕೊಂಡು ಹೋಗಿ" ಎಂದರು ಡಾಕ್ಟರಮ್ಮ. ಇಷ್ಟು ದಿನದಲ್ಲಿ ಅವರು ನಕ್ಕದ್ದನ್ನು ಅವತ್ತೇ ನೋಡಿದ್ದು.

ನಾನು ಗಂಟು ಕಟ್ಟಲು ಹೋದೆ. ಬಟ್ಟೆಯ ತುದಿಗಳು ಕೈಗೆ ಸಿಗಲಿಲ್ಲ. ಖಾತೂನ್‌ಬಿ ಕಟ್ಟಿಕೊಟ್ಟಳು. ಅವಳ ಮಗುವೂ ಮೈ ತುಂಬಿಕೊಳ್ಳುತ್ತಿತ್ತು, ಇನ್ನು ಸ್ವಲ್ಪ ದಿನ ಇರಬೇಕಾಗಿತ್ತು. ಅಪ್ಪ ಹೊತ್ತು ನೋಡಿ, ಈಗ ಹೊರಟರೆ ಹೊಸದುರ್ಗದ ಬಸ್ಸು ಸಿಗುತ್ತದೆ ಎಂದರು. ಎಲ್ಲರೂ ಎದ್ದೆವು. ಅತ್ತೆ ಮಾತ್ರ ಏಳಲಿಲ್ಲ. ಕಣ್ಣು ನಳಿಕೆಯ ಮೇಲೇ ಇತ್ತು.

"ಇನ್ನೊಂದು ತಾಸು ನೋಡಾಣ."

ಡಾಕ್ಟರಮ್ಮ ಬಾಗಿಲ ಹತ್ತಿರದಿಂದ ತಿರುಗಿ ಬಂದರು. "ಒಂದು ಗಂಟೆಯ ಮೇಲೆ ನೋಡಿದ್ದು ಲೆಕ್ಕಕ್ಕೆ ಬರಲ್ಲ ಅಮ್ಮ."

"ನಿಮ್ ಲೆಕ್ಕಕ್ಕೆ ಬ್ಯಾಡ ಬಿಡ್ರಿ ಡಾಕ್ಟ್ರಮ್ಮ. ನನ್ ಲೆಕ್ಕಕ್ಕೆ ಬೇಕು."

ಆ ಲೆಕ್ಕದಲ್ಲಿ ಹೆಸರಿಲ್ಲದ ಕೂಸೊಂದಿದೆ ಎಂದು ಅಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಡಾಕ್ಟರಮ್ಮ ನಳಿಕೆಯನ್ನು ತೆಗೆಯಲಿಲ್ಲ. ಅಪ್ಪ ನನ್ನ ಮುಖ ನೋಡಿ, ಹೆಗಲ ಮೇಲಿನ ಗಂಟನ್ನು ಕೆಳಗಿಳಿಸಿ, ಬೀಗಿತಿಯಿಂದ ಸ್ವಲ್ಪ ದೂರದಲ್ಲಿ ನೆಲದ ಮೇಲೆ ಕುಳಿತರು. ನಾನು ಗಿರಿಜಾಳನ್ನು ಅತ್ತೆಯ ಮಡಿಲಿಗೆ ಕೊಟ್ಟು ಪಕ್ಕದಲ್ಲಿ ಕುಳಿತೆ. ಹೊರಗೆ ರಸ್ತೆಯಲ್ಲಿ ಹೊಸದುರ್ಗದ ಬಸ್ಸು ಹಾರ್ನ್ ಹೊಡೆದುಕೊಂಡು ಹೋಯಿತು. ಯಾರೂ ಏಳಲಿಲ್ಲ.